ಅಜ್ಜಿಯ ಹೆಸರು, ಮೊಮ್ಮಗಳ ಹೆಸರು

ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ನಮ್ಮ ಯಾವುದೇ ಹಳೆಯ ಧರ್ಮಕೇಂದ್ರದ ಸಮಾಧಿಭೂಮಿಯಲ್ಲಿ ಶಿಲುಬೆಗಳ ಮೇಲಿನ ಹೆಸರುಗಳನ್ನು ಓದುತ್ತ ನಡೆದರೆ ಒಂದು ಕಾಲದ ಹೆಣ್ಣುಮಕ್ಕಳೆಲ್ಲ ಅಲ್ಲಿ ಸಾಲಾಗಿ ಎದುರಾಗುತ್ತಾರೆ. ಮರಿಯಮ್ಮ, ಅನ್ನಮ್ಮ, ಆರೋಗ್ಯಮ್ಮ, ತೆರೇಸಮ್ಮ, ಅಂತೋಣಿಯಮ್ಮ, ಲೂರ್ದಮ್ಮ, ಮದಲೇನಮ್ಮ, ಫಿಲೋಮಿನ. ಕರಾವಳಿಯ ಕಡೆಯಾದರೆ ಕಾರ್ಮಿನ್, ಸೆವ್ರಿನ್, ಬೆನೆಡಿಕ್ಟಾ, ನತಾಲಿಯಾ, ಇಸಬೆಲ್. ಅದೇ ಧರ್ಮಕೇಂದ್ರದಲ್ಲಿ ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುತ್ತಿರುವ ಇಂದಿನ ಹೆಣ್ಣುಮಕ್ಕಳ ಪಟ್ಟಿಯನ್ನು ತೆರೆದರೆ ಕಾಣುವುದು ಕಿಯಾರಾ, ಮಿಯಾ, ಲಿಯಾ, ಝಾರಾ, ರಿಯಾನಾ, ಏಂಜೆಲಿನಾ, ಸಾನ್ವಿ, ಆದ್ಯಾ. ಈ ಎರಡು ಪಟ್ಟಿಗಳ ನಡುವೆ ಇರುವುದು ಹೆಚ್ಚೆಂದರೆ ಮೂರು ತಲೆಮಾರುಗಳ ಅಂತರ. ಆದರೂ ಒಂದರಲ್ಲಿರುವ ಹೆಸರು ಇನ್ನೊಂದರಲ್ಲಿ ದೊರೆಯುವುದು ಅಪರೂಪ.

ಇದನ್ನು ಕಂಡಾಗ ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಸಂತರ ಹೆಸರುಗಳನ್ನೆಲ್ಲ ಮರೆತು ಸಿನಿಮಾದವರ ಹೆಸರುಗಳ ಬೆನ್ನು ಹತ್ತಿದರು ಎಂಬುದು ಅವರ ದೂರು. ಕಿರಿಯರಿಗೋ ಆ ಹಳೆಯ ಹೆಸರುಗಳನ್ನು ಕೇಳಿದರೆ ನಗು. ಇಬ್ಬರದೂ ಅವಸರದ ತೀರ್ಪೆಂದು ನನಗೆ ತೋರುತ್ತದೆ. ಹೆಣ್ಣುಮಗುವಿಗೆ ಹೆಸರಿಡುವಾಗ ನಾವು ಅವಳಿಗೆ ನಿಜವಾಗಿ ಏನನ್ನು ಕೊಡುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಿಕೊಂಡಂತಿಲ್ಲ.

ಮೊದಲಿಗೆ ಹಿರಿಯರ ದೂರನ್ನೇ ಪರಿಶೀಲಿಸೋಣ. ಸಂತರ ಹೆಸರುಗಳು ಕಾಲದ ಗಾಳಿಗೆ ಹೊರತಾಗಿದ್ದವೇ? ಫಿಲೋಮಿನ ಎಂಬ ಹೆಸರನ್ನೇ ತೆಗೆದುಕೊಳ್ಳಿ. 1802ರಲ್ಲಿ ರೋಮ್ ನಗರದ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ ಒಬ್ಬ ಎಳೆಯ ಹೆಣ್ಣುಮಗಳ ಅವಶೇಷಗಳು ದೊರೆತವು. ಗೂಡನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲೆ ಅಕ್ಷರಗಳಿದ್ದವು. ಹೆಂಚುಗಳನ್ನು ಅವು ಇದ್ದ ಕ್ರಮದಲ್ಲೇ ಓದಿದರೆ ಅರ್ಥವಾಗುತ್ತಿರಲಿಲ್ಲ. ಮೊದಲನೆಯದನ್ನು ಕೊನೆಗೆ ತಂದು ಓದಿದಾಗ ಫಿಲೋಮಿನ ಎಂಬ ಹೆಸರೂ ಅವಳಿಗೆ ಶಾಂತಿಯನ್ನು ಹಾರೈಸುವ ಮಾತೂ ಕೂಡಿಬಂದವು. ಆ ಹೆಸರು ಯುರೋಪನ್ನೆಲ್ಲ ಸುತ್ತಿತು. ಆರ್ಸ್ ಊರಿನ ಗುರುಗಳಾಗಿದ್ದ ಸಂತ ಜಾನ್ ವಿಯಾನ್ನಿ ಆಕೆಯ ಪರಮಭಕ್ತರಾಗಿದ್ದರು. ಹತ್ತೊಂಬತ್ತನೆಯ ಶತಮಾನಕ್ಕೆ ಮೊದಲು ಯಾರೂ ತಮ್ಮ ಮಗಳಿಗೆ ಆ ಸಂತಳ ನೆನಪಿನಲ್ಲಿ ಹೆಸರಿಟ್ಟಿರಲು ಸಾಧ್ಯವಿಲ್ಲ. ಮೈಸೂರಿನಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ದೇವಾಲಯವನ್ನು ನಾಡಿನ ಜನ ಇಂದಿಗೂ ಕರೆಯುವುದು ಆಕೆಯ ಹೆಸರಿನಿಂದಲೇ. ಹಳೆ ಮೈಸೂರಿನ ಕ್ರೈಸ್ತ ಕುಟುಂಬಗಳಲ್ಲಿ ಫಿಲೋಮಿನ ಇಲ್ಲದ ಮನೆಯೇ ಇರಲಿಲ್ಲ ಎನ್ನುವಷ್ಟು ಆ ಹೆಸರು ಹಬ್ಬಿತು. 1961ರಲ್ಲಿ ಪೂಜಾವಿಧಿಯ ಪಂಚಾಂಗದಿಂದ ಆಕೆಯ ಹಬ್ಬವನ್ನು ಕೈಬಿಡಲಾಯಿತು, ಏಕೆಂದರೆ ಆ ಹೆಂಚುಗಳ ಆಚೆಗೆ ಆಕೆಯ ಬದುಕಿನ ಬಗ್ಗೆ ಖಚಿತವಾಗಿ ತಿಳಿದದ್ದು ಏನೂ ಇರಲಿಲ್ಲ. ಅಷ್ಟರಲ್ಲಿ ಫಿಲೋಮಿನಮ್ಮಂದಿರು ನಮ್ಮ ಮನೆಗಳಲ್ಲಿ ತಾಯಂದಿರಾಗಿ ಅಜ್ಜಿಯರಾಗಿ ಹೋಗಿದ್ದರು. ಅವರ ಹೆಸರನ್ನು ಯಾರು ಹಿಂತೆಗೆದುಕೊಳ್ಳುವುದು?

ಲೂರ್ದು ಮೇರಿಯರು 1858ರ ಲೂರ್ದಿನ ದರ್ಶನಗಳ ನಂತರದವರು. ಕಿರಿಯ ತೆರೇಸಮ್ಮನವರು ಸಂತ ಪದವಿಗೇರಿದ್ದು 1925ರಲ್ಲಿ. ಮರಿಯಾ ಗೊರೆಟ್ಟಿ 1902ರಲ್ಲಿ ತನ್ನ ಹನ್ನೊಂದನೆಯ ವಯಸ್ಸಿನಲ್ಲಿ ಕೊಲೆಯಾದ ಬಾಲಕಿ. 1950ರಲ್ಲಿ ಆಕೆಗೆ ಸಂತ ಪದವಿಯನ್ನು ಘೋಷಿಸಿದಾಗ ಹೆತ್ತ ತಾಯಿಯೇ ಅಲ್ಲಿದ್ದರು. ಆಮೇಲಿನ ವರ್ಷಗಳಲ್ಲಿ ನಮ್ಮಲ್ಲಿ ಗೊರೆಟ್ಟಿ ಎಂಬ ಹೆಣ್ಣುಮಕ್ಕಳು ಹುಟ್ಟಿದರು. ಗೊರೆಟ್ಟಿ ಎಂಬುದು ಆಕೆಯ ಮನೆತನದ ಹೆಸರೆಂದು ಎಷ್ಟು ಜನ ಯೋಚಿಸಿದರೋ! ಒಬ್ಬ ಹೆಂಗಸಿನ ಹೆಸರನ್ನು ಕೇಳಿಯೇ ಆಕೆ ಹುಟ್ಟಿದ ದಶಕವನ್ನು ಹೆಚ್ಚುಕಡಿಮೆ ಊಹಿಸಬಹುದು ಎಂದಾದರೆ, ಭಕ್ತಿಗೂ ತನ್ನದೇ ಆದ ಫ್ಯಾಷನ್ ಇತ್ತೆಂದೇ ಅರ್ಥ. ಹೀಗೆಂದ ಮಾತ್ರಕ್ಕೆ ಆ ಭಕ್ತಿ ಸುಳ್ಳಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ನಮ್ಮ ಹಿರಿಯರ ಹೆಸರುಗಳು ಹೊರಗಿನಿಂದ ಬಂದರೂ ಇಲ್ಲಿನ ನೆಲದಲ್ಲಿ ಬೇರುಬಿಟ್ಟಿದ್ದವು. ಪೌಲ ಎಂದರೆ ಲತೀನ್ ಭಾಷೆಯಲ್ಲಿ ಚಿಕ್ಕವನು. ಅದನ್ನು ನಮ್ಮವರು ಚಿನ್ನಪ್ಪ ಎಂದು ಮಾಡಿಕೊಂಡರು. ಪೇತ್ರ ಎಂದರೆ ಬಂಡೆ. ತಮಿಳುನಾಡಿನ ಕಡೆಯಿಂದ ಬಂದ ರಾಯಪ್ಪ ಎಂಬ ಹೆಸರಿನಲ್ಲಿ ಆ ಕಲ್ಲು ಇನ್ನೂ ಉಳಿದಿದೆ. ಹೆಣ್ಣುಮಕ್ಕಳಿಗೆ ಚಿನ್ನಮ್ಮ, ರಾಯಮ್ಮ. ವೇಳಾಂಕಣ್ಣಿಯ ಆರೋಗ್ಯಮಾತೆಯಿಂದ ಆರೋಗ್ಯಮ್ಮ, ನಿತ್ಯಸಹಾಯ ಮಾತೆಯಿಂದ ಸಹಾಯಮೇರಿ. ಅನ್ನಾ ಎಂಬ ಹೀಬ್ರೂ ಹೆಸರಿಗೆ ಕೃಪೆ ಎಂದು ಅರ್ಥ; ಅದು ಅನ್ನಮ್ಮ ಆದಾಗ ಕನ್ನಡದ ಕಿವಿಗೆ ಕೇಳಿಸುತ್ತಿದ್ದುದು ಮಾತ್ರ ತಟ್ಟೆಯ ಮೇಲಿನ ಅನ್ನ. ನಿಘಂಟಿನ ಪ್ರಕಾರ ಇದು ತಪ್ಪಿರಬಹುದು. ಬರಗಾಲಗಳನ್ನು ಕಂಡ ಜನರಿಗೆ ಕೃಪೆಯ ಅನುವಾದವಾಗಿ ಅನ್ನಕ್ಕಿಂತ ಒಳ್ಳೆಯ ಪದ ಇನ್ನಾವುದು ಸಿಕ್ಕೀತು!

ಬದಲಾವಣೆಗೆ ಕಾನೂನಿನ ಕಾರಣವೂ ಒಂದಿತ್ತು. 1917ರ ಧರ್ಮಸಭೆಯ ಕಾನೂನು ಸಂಹಿತೆಯ 761ನೆಯ ನಿಯಮದ ಪ್ರಕಾರ, ಜ್ಞಾನಸ್ನಾನ ಪಡೆಯುವ ಮಗುವಿಗೆ ಕ್ರೈಸ್ತ ಹೆಸರನ್ನಿಡುವಂತೆ ಗುರುಗಳು ನೋಡಿಕೊಳ್ಳಬೇಕಿತ್ತು. ಹೆತ್ತವರು ಒಪ್ಪದಿದ್ದರೆ ಅವರು ಆರಿಸಿದ ಹೆಸರಿಗೆ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ದಾಖಲೆಯಲ್ಲಿ ಬರೆಯಬೇಕಿತ್ತು. ಹಳೆಯ ಜ್ಞಾನಸ್ನಾನದ ಪುಸ್ತಕಗಳಲ್ಲಿ ಒಂದು ಹೆಸರು, ಊರವರ ಬಾಯಲ್ಲಿ ಇನ್ನೊಂದು ಹೆಸರು ಇರುವುದಕ್ಕೆ ಇದೂ ಒಂದು ಕಾರಣ. 1983ರ ಸಂಹಿತೆಯ 855ನೆಯ ನಿಯಮ ಇಷ್ಟು ಕಟ್ಟುನಿಟ್ಟಾಗಿಲ್ಲ. ಕ್ರೈಸ್ತ ಮನೋಭಾವಕ್ಕೆ ಸಲ್ಲದ ಹೆಸರನ್ನು ಇಡದಂತೆ ಹೆತ್ತವರು, ಜ್ಞಾನ ತಂದೆತಾಯಿಯರು ಮತ್ತು ಗುರುಗಳು ಎಚ್ಚರ ವಹಿಸಬೇಕೆಂದಷ್ಟೇ ಅದು ಕೇಳುತ್ತದೆ. ಈ ಎರಡು ಸಂಹಿತೆಗಳ ನಡುವೆ 1962ರಿಂದ 1965ರವರೆಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆದು, ಪೂಜೆಯ ಭಾಷೆ ಕನ್ನಡವಾಯಿತು.

ಆ ಹೊತ್ತಿನಲ್ಲಿ ನಮ್ಮ ಮನೆಗಳಿಗೆ ಬಂದ ಹೆಸರುಗಳನ್ನು ನಾನು ಬಹಳ ಪ್ರೀತಿಸುತ್ತೇನೆ. ನಿರ್ಮಲಾ, ಜ್ಯೋತಿ, ಕರುಣಾ, ಕೃಪಾ, ಶಾಂತಿ, ಆಶಾ, ವಿಮಲಾ, ಪ್ರೀತಿ. ಅಮಲೋದ್ಭವ ಮಾತೆಯೇ ನಿರ್ಮಲಾ, ಬೆಳಕಿನ ಸಂತಳಾದ ಲೂಸಿಯೇ ಜ್ಯೋತಿ, ಅನ್ನಮ್ಮನೇ ಕೃಪಾ. ಪಕ್ಕದ ಮನೆಯ ಹಿಂದೂ ಹುಡುಗಿಯೂ ನಿರ್ಮಲಾ, ನಮ್ಮ ಮನೆಯವಳೂ ನಿರ್ಮಲಾ. ಶಾಲೆಯ ಹಾಜರಿ ಪುಸ್ತಕದಲ್ಲಿ ಇಬ್ಬರೂ ಅಕ್ಕಪಕ್ಕ. ವಿಶ್ವಾಸವನ್ನು ಬಿಟ್ಟುಕೊಡದೆ ನೆರೆಹೊರೆಯ ಭಾಷೆಯಲ್ಲಿ ಮಗಳನ್ನು ಕರೆಯಲು ಸಾಧ್ಯವೆಂಬುದನ್ನು ಆ ತಲೆಮಾರು ತೋರಿಸಿಕೊಟ್ಟಿತು. ಅದು ಇಷ್ಟು ಬೇಗ ಮುಗಿದುಹೋದದ್ದು ನನಗೆ ಖೇದದ ಸಂಗತಿ. ಇಂದು ಶಾಂತಿ ಎಂಬ ಹೆಸರಿನ ಎಳೆಯ ಮಗು ನಿಮಗೆ ಎಲ್ಲಿಯಾದರೂ ಸಿಕ್ಕೀತೇ?

ಇನ್ನು ಇಂದಿನ ಹೆಸರುಗಳು. ಇವು ಅರ್ಥವಿಲ್ಲದವೆಂದು ಹೀಗಳೆಯುವವರು ಸ್ವಲ್ಪ ತಾಳಬೇಕು. ಅಸ್ಸಿಸಿಯ ಸಂತ ಕ್ಲಾರಮ್ಮನವರನ್ನು ಅವರ ಇಟಾಲಿಯನ್ ಭಾಷೆಯಲ್ಲಿ ಕರೆದರೆ ಹೆಚ್ಚುಕಡಿಮೆ ಕಿಯಾರಾ ಎಂದೇ ಕೇಳಿಸುತ್ತದೆ. ಚಿತ್ರನಟಿಯ ನೆನಪಿನಲ್ಲಿ ಮಗಳಿಗೆ ಆ ಹೆಸರಿಟ್ಟ ದಂಪತಿಗೆ, ಮನೆಯ ಮುತ್ತಜ್ಜಿ ಕ್ಲಾರಮ್ಮನ ಹೆಸರನ್ನೇ ತಾವು ಹಿಂದಕ್ಕೆ ತಂದಿದ್ದೇವೆ ಎಂಬ ಅರಿವೇ ಇರಲಿಕ್ಕಿಲ್ಲ. ಮಿಯಾ ಎಂಬುದು ಉತ್ತರ ಯುರೋಪಿನಲ್ಲಿ ಮರಿಯಾ ಹೆಸರಿನ ಮುದ್ದು ರೂಪ. ಲಿಯಾ ಎಂದರೆ ಯಕೋಬನ ಮಡದಿ ಲೇಯಾ. ರೀಟಾ ಮಾರ್ಗರೀಟಾದ ತುಂಡು, ಲೀನಾ ಮದಲೇನಾದ ತುಂಡು, ಲೀಸಾ ಮತ್ತು ಇಸಬೆಲ್ ಇಬ್ಬರೂ ಎಲಿಜಬೇತಳ ಮಕ್ಕಳು. ನ್ಯಾನ್ಸಿ, ಅನಿತಾ, ಆನ್ಯಾ ಮೂವರೂ ಅನ್ನಮ್ಮನ ಮನೆಯವರೇ. ಐರ್ಲೆಂಡಿನವರು ಸಿಸಿಲಿಯಾಳನ್ನು ಶೀಲಾ ಎನ್ನುತ್ತಾರೆ. ನಮಗೆ ಅದು ಸಂಸ್ಕೃತದ ಶೀಲವೇ ಆಗಿ ಕೇಳಿ, ಎರಡು ಕಡೆಯೂ ಸಲ್ಲುವ ಹೆಸರಾಯಿತು. ಹೀಗೆ ನೋಡಿದರೆ ಸಮಾಧಿಭೂಮಿಯ ಪಟ್ಟಿಗೂ ಪರಮಪ್ರಸಾದದ ಪಟ್ಟಿಗೂ ನಾವು ಎಣಿಸಿದಷ್ಟು ದೂರವಿಲ್ಲ. ಅಜ್ಜಿಯೇ ವೇಷ ಬದಲಿಸಿ ಬಂದಿದ್ದಾಳೆ.

ಹಾಗಾದರೆ ಬದಲಾದದ್ದು ಏನು? ಬದಲಾದದ್ದು ಹೆಸರಿಡುವವರ ಉದ್ದೇಶ ಎಂದು ನನ್ನ ಅನಿಸಿಕೆ. ಹಿಂದೆ ಹೆಸರು ಒಬ್ಬರಿಂದ ಬಂದು ಇನ್ನೊಬ್ಬರಿಗೆ ಹೋಗುತ್ತಿತ್ತು. ಅಜ್ಜಿಯಿಂದ ಮೊಮ್ಮಗಳಿಗೆ, ಸಂತಳಿಂದ ಭಕ್ತಳಿಗೆ, ಜ್ಞಾನತಾಯಿಯಿಂದ ಮಗುವಿಗೆ. ಆ ಹೆಸರನ್ನು ನಿಮಗಿಂತ ಮುಂಚೆ ಒಬ್ಬರು ಬಾಳಿದ್ದರು. ಹುಟ್ಟಿದ ದಿನಾಂಕ ಗೊತ್ತಿಲ್ಲದವರಿಗೂ ತಮ್ಮ ಹೆಸರಿನ ಸಂತರ ಹಬ್ಬ ಎಂದು ಬರುತ್ತದೆಂಬುದು ಗೊತ್ತಿತ್ತು. ಇಂದಿನ ತಂದೆತಾಯಿಯರು ಬಯಸುವುದು ಯಾರಿಗೂ ಇಲ್ಲದ ಹೆಸರನ್ನು. ತಂದೆ ವಿಲ್ಸನ್, ತಾಯಿ ನ್ಯಾನ್ಸಿ ಎಂದಾದರೆ ಮಗಳನ್ನು ವಿನ್ಸಿ ಎಂದು ಕರೆದು, ಎರಡು ಹೆಸರುಗಳನ್ನು ಹೊಲಿದು ಮೂರನೆಯದನ್ನು ಸೃಷ್ಟಿಸುವುದು ಕರಾವಳಿಯ ಕಡೆ ಬಹಳ ಕಾಲದಿಂದ ನಡೆದಿದೆ. ಆ ಮಗುವಿಗೆ ಹೆಸರಿನ ಹಬ್ಬವಿಲ್ಲ, ಹೆಸರಿನ ಹಿರಿಯಳಿಲ್ಲ; ತನ್ನ ಹೆಸರಿನ ಮೊದಲ ಮನುಷ್ಯಳೇ ಅವಳು.

ಇದು ನಮ್ಮ ನಾಡಿಗೆ ಸೀಮಿತವಾದ ಸಂಗತಿಯೇನಲ್ಲ. ಹೆಸರುಗಳ ಲೆಕ್ಕವನ್ನು ಸರ್ಕಾರವೇ ಪ್ರಕಟಿಸುವ ಅಮೆರಿಕದಲ್ಲಿ, 1880ರಿಂದ 1946ರವರೆಗೆ ಪ್ರತಿ ವರ್ಷವೂ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನ ಮೇರಿಯದಾಗಿತ್ತು. 1880ರಲ್ಲಿ ನೂರರಲ್ಲಿ ಏಳು ಹೆಣ್ಣುಮಕ್ಕಳು ಮೇರಿಯರು. 2023ರಲ್ಲಿ ಮೊದಲ ಸ್ಥಾನ ಪಡೆದ ಒಲಿವಿಯಾ ಎಂಬ ಹೆಸರು ನೂರರಲ್ಲಿ ಒಬ್ಬಳಿಗೂ ಪೂರ್ತಿ ಬರುವುದಿಲ್ಲ. ಅತ್ಯಂತ ಜನಪ್ರಿಯ ಹೆಸರನ್ನೇ ಇಷ್ಟು ಕಡಿಮೆ ಜನ ಹಂಚಿಕೊಳ್ಳುತ್ತಾರೆಂದರೆ, ಹೆಸರನ್ನು ಹಂಚಿಕೊಳ್ಳುವ ಮನಸ್ಸೇ ಲೋಕದಲ್ಲಿ ಕಡಿಮೆಯಾಗಿದೆ ಎನ್ನಬೇಕು.

ಆದರೆ ಹಳೆಯ ಪದ್ಧತಿಯನ್ನು ಹೊಗಳುವ ಮುನ್ನ ಆ ಮೇರಿಯರನ್ನೇ ಒಂದು ಮಾತು ಕೇಳಬೇಕಲ್ಲವೇ? ಒಂದೇ ಬೀದಿಯಲ್ಲಿ ದೊಡ್ಡ ಮೇರಿ, ಚಿಕ್ಕ ಮೇರಿ, ಕೆರೆಯಾಚೆ ಮೇರಿ, ಟೀಚರ್ ಮೇರಿ. ಮದುವೆಯಾದ ಮೇಲೆ ಆ ಗುರುತೂ ಅಳಿಸಿ ಇಂಥವರ ಹೆಂಡತಿ, ಇಂಥವನ ತಾಯಿ. ಹೆಸರನ್ನು ಆರಿಸಿದವರು ಮಾವ ಅಥವಾ ಅತ್ತೆ. ಒಂಬತ್ತು ತಿಂಗಳು ಹೊತ್ತವಳನ್ನು ಯಾರೂ ಕೇಳುತ್ತಿರಲಿಲ್ಲ. ಇಂದು ಒಬ್ಬ ತಾಯಿ ತನ್ನ ಮಗಳು ಗುಂಪಿನಲ್ಲಿ ಕಳೆದುಹೋಗದಿರಲಿ ಎಂದು ಅಪರೂಪದ ಹೆಸರನ್ನು ಹುಡುಕುವುದರಲ್ಲಿ ಜಂಬವೇ ಇದೆಯೆಂದು ಹೇಳಲಾರೆ. ಎಷ್ಟೋ ವೇಳೆ ಭಯವೂ ಇರುತ್ತದೆ. ಹೆಸರನ್ನು ಕೇಳಿದೊಡನೆ ಜಾತಿ ಮತವನ್ನು ಅಳೆಯುವ ಕಣ್ಣುಗಳು ಬಾಡಿಗೆ ಮನೆಯ ಬಾಗಿಲಲ್ಲೂ ಕೆಲಸದ ಸಂದರ್ಶನದಲ್ಲೂ ಇರುವಾಗ, ಯಾವ ಕಡೆಯವಳೆಂದು ಗೊತ್ತಾಗದ ಒಂದು ನುಣುಪಾದ ಹೆಸರು ಮಗಳಿಗೆ ಕೊಡೆಯಾದೀತೆಂದು ಹೆತ್ತವರು ಎಣಿಸುತ್ತಾರೆ. ಇದರಲ್ಲಿ ಒಂದು ವ್ಯಂಗ್ಯವಿದೆ. ಮೇಲಿನವರ ಹೆಸರನ್ನು ಮಗಳಿಗಿಡಲು ಅಂಜಬೇಕಾಗಿದ್ದ ದೀನ ಕುಟುಂಬಗಳಿಗೆ ಒಂದು ಕಾಲದಲ್ಲಿ ಎಲಿಜಬೇತ್, ವಿಕ್ಟೋರಿಯಾ ಮುಂತಾದ ಜ್ಞಾನಸ್ನಾನದ ಹೆಸರುಗಳು ಕೊಟ್ಟದ್ದೂ ಇದೇ ರಕ್ಷಣೆಯನ್ನು. ರಾಣಿಯರ ಹೆಸರು ಹೊತ್ತ ಕೂಲಿಯವರ ಮಗಳು ಸಾಲಿನಲ್ಲಿ ತಲೆಯೆತ್ತಿ ನಿಲ್ಲಬಹುದಿತ್ತು.

ಹೆಸರು ಗಾಯವೂ ಆಗಬಲ್ಲದು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಸಾವಿನ ಕಣ್ಣಿಗೆ ಬೀಳದಿರಲೆಂದು ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಮ್ಮ ಎಂದು ಕರೆಯುವುದು ನಮ್ಮ ಹಳ್ಳಿಗಳಲ್ಲಿತ್ತು. ಆ ಒರಟು ಹೆಸರಿನೊಳಗೆ ಅಪಾರ ಮಮತೆಯಿದೆ. ಸಾಕಮ್ಮ ಎಂಬುದರಲ್ಲಿ ಎರಡು ದನಿಗಳು: ಸಾಕಿದವಳು, ಸಲಹಿದವಳು ಎಂಬ ಗೌರವ ಒಂದು, ಹೆಣ್ಣು ಇಷ್ಟಕ್ಕೇ ಸಾಕು ಎಂಬ ಬೇಸರ ಇನ್ನೊಂದು. ಯಾವ ಮನೆಯಲ್ಲಿ ಯಾವ ದನಿಯಿತ್ತೋ ಆ ಮಗಳಿಗೆ ಮಾತ್ರ ಗೊತ್ತು. ನೆರೆಯ ಮಹಾರಾಷ್ಟ್ರದಲ್ಲಿ ಎರಡನೆಯ ದನಿಗೆ ಯಾವ ಮರೆಯೂ ಇರಲಿಲ್ಲ. ಅಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೆಸರೇ ನಕುಶಾ, ಅಂದರೆ ಬೇಡವಾದವಳು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಆಡಳಿತ ಒಂದು ಸಮಾರಂಭವನ್ನು ಏರ್ಪಡಿಸಿ ಅಂಥ 285 ಹುಡುಗಿಯರಿಗೆ ಹೊಸ ಹೆಸರಿನ ಪ್ರಮಾಣಪತ್ರಗಳನ್ನು ಕೊಟ್ಟಿತು. ಕೆಲವರು ಆರಿಸಿಕೊಂಡದ್ದು ಐಶ್ವರ್ಯಾ ಎಂಬ ಹೆಸರನ್ನು. ಸಿನಿಮಾದವರ ಹೆಸರೆಂದು ನಾವು ಮೂಗು ಮುರಿಯುವ ಅದೇ ಹೆಸರು, ತನ್ನನ್ನು ಯಾರೂ ಬಯಸಲಿಲ್ಲವೆಂಬ ಮಾತನ್ನು ದಿನಕ್ಕೆ ನೂರು ಸಲ ಕೇಳಿ ಬೆಳೆದ ಹುಡುಗಿಗೆ ಎಂಥ ಬಿಡುಗಡೆಯಾಗಿರಬೇಕು!

ಪವಿತ್ರ ಗ್ರಂಥದಲ್ಲಿ ಈ ವಿಷಯವನ್ನು ಕುರಿತು ನನ್ನನ್ನು ಬಹಳ ಕಾಲ ಕಾಡಿದ ಒಂದು ಮೌನವಿದೆ. ಆದಿಕಾಂಡದಲ್ಲಿ ಲೇಯಾ ತನ್ನ ಒಬ್ಬೊಬ್ಬ ಮಗನಿಗೂ ಹೆಸರಿಡುವಾಗ ಕಾರಣವನ್ನು ಹೇಳುತ್ತಾಳೆ. ದೇವರು ತನ್ನ ಸಂಕಟವನ್ನು ನೋಡಿದರೆಂದು ರೂಬೇನ, ತನ್ನ ಮೊರೆಯನ್ನು ಕೇಳಿದರೆಂದು ಸಿಮೆಯೋನ, ದೇವರಿಗೆ ಸ್ತುತಿಯೆಂದು ಯೂದ. ಕೊನೆಗೊಬ್ಬ ಮಗಳು ಹುಟ್ಟುತ್ತಾಳೆ. ದೀನಾ ಎಂದು ಹೆಸರಿಟ್ಟಳು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕಾರಣವಿಲ್ಲ, ಅರ್ಥವಿಲ್ಲ. ಮುಂದೆ ಅವಳ ಮೇಲೆ ಅತ್ಯಾಚಾರ ನಡೆದು, ಅಣ್ಣಂದಿರು ಸೇಡು ತೀರಿಸಿಕೊಳ್ಳುವ ಆ ದೀರ್ಘ ಅಧ್ಯಾಯದಲ್ಲೂ ದೀನಾಳ ಬಾಯಿಂದ ಒಂದು ಮಾತೂ ಬರುವುದಿಲ್ಲ.

ಈ ಮೌನಕ್ಕೆ ಎದುರಾಗಿ ನಿಲ್ಲುವ ಎರಡು ಪ್ರಸಂಗಗಳೂ ಅದೇ ಗ್ರಂಥದಲ್ಲಿವೆ. ಗಂಡುಮಕ್ಕಳಿಲ್ಲದೆ ತೀರಿಕೊಂಡ ಚೆಲೊಫಾದನ ಐವರು ಪುತ್ರಿಯರು ಮೋಶೆಯ ಮುಂದೆ ನಿಂತು ತಂದೆಯ ಭೂಮಿಯಲ್ಲಿ ಪಾಲು ಕೇಳಿದರು. ಸಂಖ್ಯಾಕಾಂಡ ಐವರ ಹೆಸರನ್ನೂ ಬರೆದಿಟ್ಟಿದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅವರ ಬೇಡಿಕೆ ನ್ಯಾಯವಾದದ್ದೆಂದು ದೇವರೇ ಹೇಳಿದರು. ಇನ್ನೊಂದು ಯೋಬನ ಗ್ರಂಥದ ಕೊನೆ. ಕಷ್ಟಗಳೆಲ್ಲ ಕಳೆದ ಮೇಲೆ ಯೋಬನಿಗೆ ಏಳು ಗಂಡುಮಕ್ಕಳೂ ಮೂರು ಹೆಣ್ಣುಮಕ್ಕಳೂ ಹುಟ್ಟುತ್ತಾರೆ. ಏಳು ಗಂಡುಮಕ್ಕಳಲ್ಲಿ ಒಬ್ಬನ ಹೆಸರನ್ನೂ ಗ್ರಂಥ ಹೇಳುವುದಿಲ್ಲ. ಹೆಣ್ಣುಮಕ್ಕಳ ಹೆಸರುಗಳು ಮಾತ್ರ ಇವೆ: ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್. ಮೊದಲನೆಯದಕ್ಕೆ ಪಾರಿವಾಳವೆಂದು ಅರ್ಥ ಹೇಳುತ್ತಾರೆ. ಎರಡನೆಯದು ದಾಲ್ಚಿನ್ನಿಯ ಜಾತಿಯ ಪರಿಮಳದ ತೊಗಟೆ. ಮೂರನೆಯದು ಕಣ್ಣಿಗೆ ಹಚ್ಚುವ ಕಾಡಿಗೆಯ ಭರಣಿ! ಪಿತೃಗಳ ಹೆಸರಿಲ್ಲ, ಪ್ರವಾದಿಗಳ ಹೆಸರಿಲ್ಲ. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದ ಮನುಷ್ಯ ಮಗಳಿಗೆ ಕಾಡಿಗೆ ಭರಣಿಯೆಂದು ಹೆಸರಿಟ್ಟದ್ದನ್ನು ಓದಿದಾಗಲೆಲ್ಲ, ಇಂದಿನ ಅಂದದ ಹೆಸರುಗಳ ಬಗ್ಗೆ ನನ್ನ ಗಂಟಲು ಬಿಗಿಯುವುದು ನಿಲ್ಲುತ್ತದೆ. ಗ್ರಂಥ ಅಷ್ಟಕ್ಕೇ ಮುಗಿಸದೆ ಇನ್ನೊಂದು ಮಾತನ್ನು ಸೇರಿಸಿದೆ: ತಂದೆ ಆ ಮೂವರಿಗೂ ಅವರ ಸಹೋದರರ ಜೊತೆ ಆಸ್ತಿಯಲ್ಲಿ ಪಾಲು ಕೊಟ್ಟನು.

ಪ್ರಿಯ ಓದುಗರೇ, ನಮ್ಮ ಹಳೆಯ ಪದ್ಧತಿಯ ಹುಳುಕು ಇರುವುದು ಇಲ್ಲಿಯೇ. ಅಜ್ಜಿಯ ಹೆಸರು ಮೊಮ್ಮಗಳಿಗೆ ಹೋಗುತ್ತಿತ್ತು. ಅಜ್ಜನ ಜಮೀನು ಮೊಮ್ಮಗನಿಗೆ ಹೋಗುತ್ತಿತ್ತು. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನು ಇದನ್ನು ಅಂಕಿಗಳಲ್ಲೇ ಬರೆದಿತ್ತು: ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಎಳೆದುತಂದ ಹೆಣ್ಣುಮಗಳ ಹೆಸರು ಮೇರಿ, ಮೇರಿ ರಾಯ್. 1986ರಲ್ಲಿ ನ್ಯಾಯಾಲಯವು ಅಲ್ಲಿನ ಕ್ರೈಸ್ತರಿಗೂ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವೇ ಅನ್ವಯಿಸುತ್ತದೆಂದು ತೀರ್ಪಿತ್ತಿತು. ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯನ್ನು ಮಕ್ಕಳಿಗೆ ಹಂಚುವಾಗ ಆ ಅಧಿನಿಯಮ ಗಂಡು ಹೆಣ್ಣೆಂಬ ಭೇದವನ್ನು ಮಾಡುವುದಿಲ್ಲ. ಅದೆಷ್ಟೋ ಮೇರಿಯರ ನಡುವೆ ಒಬ್ಬ ಮೇರಿಯ ಹೆಸರು ಹೀಗೆ ಕಾನೂನಿನ ಪುಸ್ತಕದಲ್ಲಿ ಉಳಿಯಿತು. ಅವರು 2022ರಲ್ಲಿ ತೀರಿಕೊಂಡರು.

ಕಾನೂನು ಸಮವಾಗಿದ್ದರೂ ನಮ್ಮ ಕುಟುಂಬಗಳಲ್ಲಿ ಇನ್ನೊಂದು ಪದ್ಧತಿ ಉಳಿದುಕೊಂಡಿದೆ. ತಂದೆ ತೀರಿಕೊಂಡು ವರ್ಷದ ಪೂಜೆ ಮುಗಿದ ಮೇಲೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಊಟ ಹಾಕಿ, ಸೀರೆ ಕೊಟ್ಟು, ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು. ಅಣ್ಣ ತಮ್ಮಂದಿರ ಮುಖ ನೋಡಿ, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವರು ಸಹಿ ಹಾಕುತ್ತಾರೆ. ಅಂಥ ಪತ್ರಗಳ ಕೆಳಗೆ ಇದುವರೆಗೆ ಹೆಚ್ಚಾಗಿ ಬಿದ್ದಿರುವ ಹೆಸರುಗಳು ಫಿಲೋಮಿನ, ಲೂರ್ದು ಮೇರಿ, ಗೊರೆಟ್ಟಿ, ನಿರ್ಮಲಾ, ಜ್ಯೋತಿ. ಕಿಯಾರಾ ಮತ್ತು ಮಿಯಾ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾರೆ.